ಮೈಟೊಕಾಂಡ್ರಿಯ ರೋಗ ಮತ್ತು ಪುರುಷರ ಫಲವಂತಿಕೆ

ಜೀವಕೋಶಕ್ಕೆ ಬೇಕಾದ ಶಕ್ತಿಯ ಬಹುಪಾಲನ್ನು ತಯಾರಿಸುವ ಮೈಟೊಕಾಂಡ್ರಿಯಗಳು ಆನುವಂಶಿಕ ದೋಷದಿಂದ ಸರಿಯಾಗಿ ಕೆಲಸ ಮಾಡದೆ ಹೋದಾಗ ಬರುವ ಕಾಯಿಲೆಗಳನ್ನು ಒಟ್ಟಾಗಿ ಮೈಟೊಕಾಂಡ್ರಿಯ ರೋಗ ಎನ್ನುತ್ತಾರೆ. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇದು ಬರುತ್ತದೆಂಬ ಅಂದಾಜಿದೆ. ಮೂರ್ಛೆ, ಪಾರ್ಶ್ವವಾಯುವನ್ನು ಹೋಲುವ ಆಘಾತ, ಸ್ನಾಯುಗಳ ನಿಶ್ಶಕ್ತಿ, ಜೋಲುಬೀಳುವ ಕಣ್ಣುರೆಪ್ಪೆ, ಕಿವುಡುತನ, ಮಧುಮೇಹ, ಹೃದಯ ಬಡಿತದ ತೊಂದರೆ ಇದರ ಪರಿಚಿತ ಲಕ್ಷಣಗಳು. ಶಕ್ತಿಯನ್ನು ಹೆಚ್ಚು ಬೇಡುವ ಅಂಗಗಳಿಗೇ ಪೆಟ್ಟು ಮೊದಲು ಬೀಳುತ್ತದೆ. ವೃಷಣವೂ ಅಂಥದೊಂದು ಅಂಗ. ಆದರೂ ಈ ರೋಗವಿರುವ ಗಂಡಸಿನ ಫಲವಂತಿಕೆಯ ಬಗ್ಗೆ ವೈದ್ಯಶಾಸ್ತ್ರ ಗಮನ ಹರಿಸಿದ್ದು ತಡವಾಗಿ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಮಕ್ಕಳಿಗೆ ಹೋಗುತ್ತದೆ. ಹಾಗಾಗಿ ಸಂತಾನದ ಮಾತು ಬಂದಾಗಲೆಲ್ಲ ಚರ್ಚೆ ಹೆಂಗಸರ ಸುತ್ತಲೇ ನಡೆಯಿತು. ವಿಚಿತ್ರವೆಂದರೆ, ತಾಯಿಯಿಂದ ಮಾತ್ರ ಸಾಗುವ ಈ ಗುಣವೇ ಗಂಡಸಿನ ಫಲವಂತಿಕೆಯನ್ನು ಮೈಟೊಕಾಂಡ್ರಿಯ ದೋಷಗಳಿಗೆ ಸುಲಭ ಗುರಿಯಾಗಿಸಿದೆ.

ಎರಡು ಕಡೆಯ ಜೀನ್‌ಗಳು

ಮಾನವ ಮೈಟೊಕಾಂಡ್ರಿಯದೊಳಗೆ 16,569 ಅಕ್ಷರಜೋಡಿಗಳ ಉಂಗುರಾಕಾರದ ಪುಟ್ಟ ಡಿಎನ್‌ಎ ಇದೆ. ಅದರ ಪೂರ್ಣ ಅಕ್ಷರಕ್ರಮವನ್ನು ಕೇಂಬ್ರಿಡ್ಜ್‌ನ ತಂಡ 1981ರಲ್ಲಿ ಪ್ರಕಟಿಸಿತು. ಅದರಲ್ಲಿರುವ ಜೀನ್‌ಗಳು ಕೇವಲ 37. ಅವುಗಳಲ್ಲಿ 13 ಜೀನ್‌ಗಳು ಶಕ್ತಿ ಉತ್ಪಾದನೆಯ ಪ್ರೋಟೀನ್‌ಗಳಿಗೂ ಉಳಿದ 24 ಆ ಪ್ರೋಟೀನ್‌ಗಳನ್ನು ಕಟ್ಟಲು ಬೇಕಾದ ಆರ್‌ಎನ್‌ಎಗಳಿಗೂ ಮೀಸಲು. ಮೈಟೊಕಾಂಡ್ರಿಯಕ್ಕೆ ಬೇಕಾದ ಇತರ ಸಾವಿರಕ್ಕೂ ಹೆಚ್ಚು ಪ್ರೋಟೀನ್‌ಗಳ ಸೂಚನೆ ಇರುವುದು ಕೋಶಕೇಂದ್ರದ ಡಿಎನ್‌ಎಯಲ್ಲಿ. ಅದು ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ. ಆದ್ದರಿಂದ ಮೈಟೊಕಾಂಡ್ರಿಯ ರೋಗದ ಮೂಲ ಎರಡು ಕಡೆಗಳಲ್ಲಿ ಎಲ್ಲಿಯಾದರೂ ಇರಬಹುದು. ರೋಗಿಗೂ ಅವನ ಮಕ್ಕಳಿಗೂ ಈ ವ್ಯತ್ಯಾಸ ಬಹಳ ದೊಡ್ಡದು.

ಒಂದೊಂದು ಜೀವಕೋಶದಲ್ಲೂ ಮೈಟೊಕಾಂಡ್ರಿಯದ ಡಿಎನ್‌ಎಯ ನೂರಾರು, ಸಾವಿರಾರು ಪ್ರತಿಗಳಿರುತ್ತವೆ. ದೋಷವಿರುವ ಪ್ರತಿಗಳೂ ಸರಿಯಿರುವ ಪ್ರತಿಗಳೂ ಬೆರೆತಿರುವುದುಂಟು. ಕೆಟ್ಟ ಪ್ರತಿಗಳ ಪ್ರಮಾಣ ಒಂದು ಮಿತಿಯನ್ನು ದಾಟಿದ ಮೇಲಷ್ಟೇ ಆ ಅಂಗಾಂಶ ಸೊರಗುತ್ತದೆ. ಪ್ರಮಾಣ ಅಂಗದಿಂದ ಅಂಗಕ್ಕೆ ಬೇರೆಯಾಗಿರುವುದರಿಂದ, ಒಂದೇ ತಾಯಿಯ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನಿಗೆ ಕಿವಿ ಮಂದವಾಗಿ ಇನ್ನೊಬ್ಬನಿಗೆ ಮೂರ್ಛೆ ಬರಬಹುದು. ಈ ಡಿಎನ್‌ಎಯ ದೋಷಕ್ಕೂ ಮನುಷ್ಯರ ಕಾಯಿಲೆಗೂ ಇರುವ ನಂಟು ಮೊದಲು ಖಚಿತವಾದದ್ದು 1988ರಲ್ಲಿ. ಸ್ನಾಯುರೋಗಿಗಳಲ್ಲಿ ಡಿಎನ್‌ಎಯ ತುಂಡೊಂದು ಕಾಣೆಯಾಗಿರುವುದನ್ನು ಲಂಡನ್ನಿನ ವೈದ್ಯರು ಗುರುತಿಸಿದರು. ಲೆಬರ್ ಎಂಬ ವಂಶಪಾರಂಪರ್ಯ ಅಂಧತ್ವಕ್ಕೆ ಒಂದೇ ಅಕ್ಷರದ ಬದಲಾವಣೆ ಕಾರಣವೆಂದು ಅಮೆರಿಕದ ಡಗ್ಲಸ್ ವಾಲೆಸ್ ಅವರ ತಂಡ ಅದೇ ವರ್ಷ ತೋರಿಸಿತು.

ವೃಷಣದ ಶಕ್ತಿಯ ಲೆಕ್ಕ

ಆರೋಗ್ಯವಂತ ಗಂಡಸಿನ ವೃಷಣಗಳಲ್ಲಿ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ವೀರ್ಯಾಣುಗಳು ತಯಾರಾಗುತ್ತವೆ. ಮೂಲಕೋಶವೊಂದು ಬಾಲವಿರುವ ವೀರ್ಯಾಣುವಾಗಿ ರೂಪುಗೊಳ್ಳಲು ಎರಡು ತಿಂಗಳಿಗಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಈ ಪಯಣದಲ್ಲಿ ಕೋಶ ತನ್ನ ಶಕ್ತಿಯ ಮೂಲವನ್ನು ಬದಲಿಸಿಕೊಳ್ಳುತ್ತದೆ. ಆರಂಭದ ಮೂಲಕೋಶಗಳು ಹೆಚ್ಚಾಗಿ ಸಕ್ಕರೆಯನ್ನು ಆಮ್ಲಜನಕವಿಲ್ಲದೆ ಒಡೆದು ಬದುಕುತ್ತವೆ. ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿಯುವ ಮಿಯೋಸಿಸ್ ವಿಭಜನೆಯ ಹಂತಕ್ಕೆ ಬಂದಾಗ ಅವು ಮೈಟೊಕಾಂಡ್ರಿಯದ ಉಸಿರಾಟವನ್ನೇ ನೆಚ್ಚಿಕೊಳ್ಳುತ್ತವೆ. ಆ ಹೊತ್ತಿಗೆ ಅವು ರಕ್ತ ಮತ್ತು ವೃಷಣದ ನಡುವಿನ ತಡೆಗೋಡೆಯ ಒಳಗೆ ಸೇರಿರುತ್ತವೆ. ಅವುಗಳನ್ನು ಪೋಷಿಸುವ ಸೆರ್ಟೋಲಿ ಕೋಶಗಳು ಗ್ಲೂಕೋಸನ್ನು ಲ್ಯಾಕ್ಟೇಟ್ ಆಗಿ ಮಾರ್ಪಡಿಸಿ ಉಣಿಸುತ್ತವೆ. ಆ ಲ್ಯಾಕ್ಟೇಟನ್ನು ಉರಿಸಿ ಶಕ್ತಿ ಪಡೆಯಲು ಮೈಟೊಕಾಂಡ್ರಿಯ ಬೇಕೇ ಬೇಕು. ಅದು ಸೋತರೆ ವಿಭಜನೆ ಅಲ್ಲಿಗೇ ನಿಂತು ಕೋಶ ಸಾಯುತ್ತದೆ. ಮೈಟೊಕಾಂಡ್ರಿಯದಿಂದ ಶಕ್ತಿಯ ಅಣುವನ್ನು ಹೊರಗೆ ಸಾಗಿಸುವ, ವೃಷಣಕ್ಕೇ ವಿಶಿಷ್ಟವಾದ ಎಎನ್‌ಟಿ4 ಎಂಬ ಪ್ರೋಟೀನ್ ಇಲ್ಲದ ಇಲಿಗಳಲ್ಲಿ ಆಗುವುದು ಇದೇ: ಗಂಡು ಇಲಿಗಳು ಬಂಜೆಯಾಗುತ್ತವೆ, ದೇಹದ ಉಳಿದ ಭಾಗಗಳು ಬಹುಮಟ್ಟಿಗೆ ಚೆನ್ನಾಗಿರುತ್ತವೆ.

ಎರಡನೆಯ ಕೆಲಸ ಹಾರ್ಮೋನಿನದು. ಟೆಸ್ಟೋಸ್ಟೆರಾನ್ ತಯಾರಿಯ ಮೊದಲ ಹೆಜ್ಜೆ ನಡೆಯುವುದು ಲೇಡಿಗ್ ಕೋಶಗಳ ಮೈಟೊಕಾಂಡ್ರಿಯದೊಳಗೆ. ಕೊಲೆಸ್ಟೆರಾಲ್ ಅಲ್ಲಿನ ಒಳಪೊರೆಯನ್ನು ತಲುಪಿ, ಅಲ್ಲಿರುವ ಕಿಣ್ವದಿಂದ ಕತ್ತರಿಸಲ್ಪಟ್ಟ ಮೇಲೆಯೇ ಮುಂದಿನ ರಾಸಾಯನಿಕ ಕ್ರಿಯೆಗಳು ಸಾಗುತ್ತವೆ. ಹೀಗೆ ಮೈಟೊಕಾಂಡ್ರಿಯದ ಒಂದೇ ದೋಷ ವೀರ್ಯಾಣುವಿನ ತಯಾರಿಗೂ ಹಾರ್ಮೋನಿನ ತಯಾರಿಗೂ ಅಡ್ಡಿಯಾಗಬಲ್ಲದು.

ವೀರ್ಯಾಣುವಿನ ನಡುಭಾಗ

ವೀರ್ಯಾಣು ರೂಪುಗೊಳ್ಳುವಾಗ ಕೋಶರಸದ ಹೆಚ್ಚಿನ ಭಾಗ ಉದುರಿಹೋಗುತ್ತದೆ. ಮಾನವ ವೀರ್ಯಾಣುವಿನಲ್ಲಿ ಉಳಿಯುವ ಸುಮಾರು 50ರಿಂದ 75 ಮೈಟೊಕಾಂಡ್ರಿಯಗಳು ತಲೆಗೂ ಬಾಲಕ್ಕೂ ನಡುವಿನ ಭಾಗದಲ್ಲಿ, ಬುಗುರಿಗೆ ಚಾಟಿ ಸುತ್ತಿದಂತೆ, ಒತ್ತೊತ್ತಾಗಿ ಸುರುಳಿ ಸುತ್ತಿಕೊಳ್ಳುತ್ತವೆ. ಈ ಸುರುಳಿಯನ್ನು ಬಿಗಿಯಾಗಿ ಹಿಡಿದಿಡುವ ಹೊದಿಕೆಯ ಮುಖ್ಯ ಘಟಕ ಸೆಲೆನಿಯಂ ಇರುವ ಜಿಪಿಎಕ್ಸ್4 ಎಂಬ ಪ್ರೋಟೀನ್. ಬೆಳೆಯುತ್ತಿರುವ ಕೋಶದಲ್ಲಿ ಕಿಣ್ವವಾಗಿ ದುಡಿಯುವ ಅದು ವೀರ್ಯಾಣು ಬಲಿತಾಗ ಕಟ್ಟಡದ ಸಾಮಗ್ರಿಯಾಗಿ ಗಟ್ಟಿಯಾಗುತ್ತದೆಂದು 1999ರಲ್ಲಿ ತಿಳಿದುಬಂತು. ಸೆಲೆನಿಯಂ ಕೊರತೆಯಾದ ಪ್ರಾಣಿಗಳ ವೀರ್ಯಾಣು ನಡುಭಾಗದಲ್ಲೇ ಮುರಿಯುವುದೇಕೆ ಎಂಬ ಹಳೆಯ ಪ್ರಶ್ನೆಗೆ ಇದರಿಂದ ಉತ್ತರ ಸಿಕ್ಕಿತು.

ಬಾಲ ಬಡಿಯಲು ಬೇಕಾದ ಶಕ್ತಿಯೆಲ್ಲ ಈ ಸುರುಳಿಯಿಂದಲೇ ಬರುತ್ತದೆಯೇ ಎಂಬುದರಲ್ಲಿ ಒಮ್ಮತವಿಲ್ಲ. ಬಾಲದ ಉದ್ದಕ್ಕೂ ಸಕ್ಕರೆಯನ್ನು ಒಡೆಯುವ ಕಿಣ್ವಗಳು ಅಂಟಿಕೊಂಡಿವೆ. ಅಂಥ ಒಂದು ಕಿಣ್ವವನ್ನು ತೆಗೆದುಹಾಕಿದ ಇಲಿಗಳ ವೀರ್ಯಾಣುಗಳು, ಮೈಟೊಕಾಂಡ್ರಿಯ ಸರಿಯಾಗಿದ್ದರೂ, ಮುಂದಕ್ಕೆ ಈಜಲಾರದೆ ಹೋದವೆಂದು 2004ರಲ್ಲಿ ವರದಿಯಾಯಿತು. ಎರಡೂ ಮೂಲಗಳು ಬಳಕೆಯಾಗುತ್ತವೆ, ಅವುಗಳ ಪಾಲು ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ ಎಂಬುದು ಈಗಿನ ತಿಳಿವಳಿಕೆ. ಅದೇನೇ ಇರಲಿ, ನಡುಭಾಗದ ಮೈಟೊಕಾಂಡ್ರಿಯ ಕೆಟ್ಟರೆ ಶಕ್ತಿ ಕುಂದುವುದರ ಜೊತೆಗೆ ಆಮ್ಲಜನಕದ ಉಗ್ರ ಅಣುಗಳೂ ಹೆಚ್ಚಾಗಿ ಹೊರಬೀಳುತ್ತವೆ. ಅವು ವೀರ್ಯಾಣುವಿನ ಪೊರೆಯನ್ನೂ ತಲೆಯೊಳಗಿನ ಡಿಎನ್‌ಎಯನ್ನೂ ಹಾಳುಮಾಡುತ್ತವೆ.

ತಂದೆಯ ಮೈಟೊಕಾಂಡ್ರಿಯ ಎಲ್ಲಿ ಹೋಗುತ್ತದೆ?

ಮಾನವರಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಬರುತ್ತದೆಂದು 1980ರಲ್ಲಿ ಸ್ಪಷ್ಟವಾಯಿತು. ಅಂಡಾಣುವಿನಲ್ಲಿ ಅದರ ಪ್ರತಿಗಳು ಲಕ್ಷಕ್ಕೂ ಹೆಚ್ಚು, ವೀರ್ಯಾಣುವಿನಲ್ಲಿ ಬಹಳ ಕಡಿಮೆ. ಸಂಖ್ಯೆಯ ಈ ಅಂತರದ ಜೊತೆಗೆ ಬೇರೆ ಕಾವಲುಗಳೂ ಇವೆ. ವೀರ್ಯಾಣುವಿನ ಮೈಟೊಕಾಂಡ್ರಿಯಗಳಿಗೆ ಯುಬಿಕ್ವಿಟಿನ್ ಎಂಬ ನಾಶದ ಗುರುತು ಅಂಟಿರುತ್ತದೆಂದೂ ಫಲಿತಾಂಡದೊಳಗೆ ಅವು ಕರಗಿಹೋಗುತ್ತವೆಂದೂ 1999ರಲ್ಲಿ ಪೀಟರ್ ಸುಟೋವ್‌ಸ್ಕಿ ಮತ್ತು ಸಂಗಡಿಗರು ತೋರಿಸಿದರು. ಬಲಿತ ಮಾನವ ವೀರ್ಯಾಣುವಿನಲ್ಲಿ ಪೂರ್ಣರೂಪದ ಮೈಟೊಕಾಂಡ್ರಿಯ ಡಿಎನ್‌ಎ ಇಲ್ಲವೆಂದೇ ಹೇಳಬೇಕು, ಅದನ್ನು ಕಾಯ್ದುಕೊಳ್ಳುವ ಟಿಎಫ್‌ಎಎಂ ಪ್ರೋಟೀನ್ ಆ ಹೊತ್ತಿಗೆ ಜಾಗ ಬಿಟ್ಟಿರುತ್ತದೆ ಎಂದು 2023ರ ಸಂಶೋಧನೆಯೊಂದು ಪ್ರತಿಪಾದಿಸಿತು.

ಇದಕ್ಕೆ ಅಪವಾದವೆಂದು ಪ್ರಸಿದ್ಧವಾದದ್ದು 2002ರಲ್ಲಿ ಡೆನ್ಮಾರ್ಕ್‌ನಿಂದ ವರದಿಯಾದ ಒಬ್ಬ ಸ್ನಾಯುರೋಗಿ. ಅವನ ಸ್ನಾಯುವಿನಲ್ಲಿ ತಂದೆಯ ಮೈಟೊಕಾಂಡ್ರಿಯ ಡಿಎನ್‌ಎ ಕಂಡುಬಂದಿತ್ತು. ಕೆಲವು ಕುಟುಂಬಗಳಲ್ಲಿ ಅದು ತಂದೆಯಿಂದಲೂ ಬರುತ್ತದೆಂದು 2018ರಲ್ಲಿ ಬಂದ ವರದಿ ಸಂಚಲನ ಮೂಡಿಸಿತು. ಆದರೆ ಕೋಶಕೇಂದ್ರದ ಡಿಎನ್‌ಎಯಲ್ಲಿ ಎಂದೋ ಸೇರಿಕೊಂಡಿರುವ ಮೈಟೊಕಾಂಡ್ರಿಯ ಡಿಎನ್‌ಎಯ ತುಣುಕುಗಳು ಇಂಥ ಭ್ರಮೆ ಹುಟ್ಟಿಸಬಲ್ಲವೆಂದು ನಂತರದ ಅಧ್ಯಯನಗಳು ತೋರಿಸಿದವು. ವೈದ್ಯರು ಕುಟುಂಬಗಳಿಗೆ ಸಲಹೆ ಕೊಡುವುದು ಇಂದಿಗೂ ತಾಯಿಯಿಂದ ಮಾತ್ರ ಎಂಬ ನಿಯಮದ ಆಧಾರದಲ್ಲಿಯೇ.

ನಿಸರ್ಗದ ಆಯ್ಕೆಗೆ ಕಾಣದ ದೋಷ

ಹೆಣ್ಣಿಗೆ ತೊಂದರೆ ಕೊಡುವ ಮೈಟೊಕಾಂಡ್ರಿಯ ದೋಷ ಮುಂದಿನ ಪೀಳಿಗೆಗೆ ಕಡಿಮೆ ಸಾಗುತ್ತದೆ, ಕ್ರಮೇಣ ಅಳಿಯುತ್ತದೆ. ಗಂಡಿಗೆ ಮಾತ್ರ ತೊಂದರೆ ಕೊಡುವ ದೋಷದ ಕಥೆ ಬೇರೆ. ಗಂಡಸಿನ ಮೈಟೊಕಾಂಡ್ರಿಯ ಹೇಗಿದ್ದರೂ ಮುಂದಕ್ಕೆ ಹೋಗುವುದಿಲ್ಲ. ಅವನು ಬಂಜೆಯಾದರೂ ಅವನ ಅಕ್ಕತಂಗಿಯರ ಮೂಲಕ ಆ ದೋಷ ಸಾಗುತ್ತಲೇ ಇರುತ್ತದೆ. ಸ್ಟೀವನ್ ಫ್ರಾಂಕ್ ಮತ್ತು ಲಾರೆನ್ಸ್ ಹರ್ಸ್ಟ್ 1996ರಲ್ಲಿ ಈ ತರ್ಕವನ್ನು ಪುರುಷರ ರೋಗಗಳಿಗೆ ಅನ್ವಯಿಸಿದರು. 2004ರಲ್ಲಿ ನೀಲ್ ಗೆಮೆಲ್ ಮತ್ತು ಸಂಗಡಿಗರು ಇದನ್ನು ‘ತಾಯಿಯ ಶಾಪ’ ಎಂದು ಕರೆದರು. ಹೆಸರು ಹೀಗಿದ್ದರೂ ಇದರಲ್ಲಿ ಯಾವ ತಾಯಿಯ ತಪ್ಪೂ ಇಲ್ಲ.

ಹಣ್ಣುನೊಣದಲ್ಲಿ ಇದಕ್ಕೆ ನೇರ ಸಾಕ್ಷ್ಯವಿದೆ. ಸೈಟೋಕ್ರೋಮ್ ಬಿ ಎಂಬ ಮೈಟೊಕಾಂಡ್ರಿಯ ಜೀನಿನಲ್ಲಿ ಒಂದು ಬದಲಾವಣೆಯಾದರೆ ಗಂಡುನೊಣಗಳು ಬಂಜೆಯಾಗುತ್ತವೆ, ಹೆಣ್ಣುನೊಣಗಳು ಎಂದಿನಂತೆ ಮೊಟ್ಟೆಯಿಡುತ್ತವೆ ಎಂದು 2011ರಲ್ಲಿ ಪ್ರಕಟವಾಯಿತು. ಮನುಷ್ಯರಲ್ಲಿ ಸಿಕ್ಕ ಗಟ್ಟಿ ಉದಾಹರಣೆ ಕೆನಡಾದ ಕ್ವಿಬೆಕ್ ಪ್ರಾಂತ್ಯದ್ದು. 17ನೇ ಶತಮಾನದಲ್ಲಿ ಫ್ರಾನ್ಸಿನಿಂದ ಅಲ್ಲಿಗೆ ಹೋಗಿ ನೆಲೆಸಿದ ಒಬ್ಬ ಮಹಿಳೆಯಿಂದ ಲೆಬರ್ ಅಂಧತ್ವದ ಒಂದು ರೂಪಾಂತರ ಹರಡಿತ್ತು. ಚರ್ಚಿನ ದಾಖಲೆಗಳ ಜಾಡು ಹಿಡಿದ ಸಂಶೋಧಕರು ಅದನ್ನು ಹೊತ್ತ ಗಂಡಸರು ಪೀಳಿಗೆಯಿಂದ ಪೀಳಿಗೆಗೆ ನಷ್ಟ ಅನುಭವಿಸಿದರೂ ರೂಪಾಂತರ ಅಳಿಯಲಿಲ್ಲವೆಂದು 2017ರಲ್ಲಿ ತೋರಿಸಿದರು. ಅಲ್ಲಿನ ನಷ್ಟಕ್ಕೆ ಮುಖ್ಯ ಕಾರಣ ಗಂಡುಶಿಶುಗಳ ಸಾವು, ಬಂಜೆತನವಲ್ಲ. ಆದರೂ ಆಯ್ಕೆಯ ಕಣ್ಣಿಗೆ ಬೀಳದೆ ದೋಷವೊಂದು ಉಳಿಯುವ ಬಗೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಸೂರ್ಯಕಾಂತಿ ಹೊಲದ ಪಾಠ

ಸಸ್ಯಲೋಕದಲ್ಲಿ ಇದೇ ವಿದ್ಯಮಾನ ರೈತರಿಗೆ ಉಪಕಾರಿಯಾಗಿದೆ. ಕೆಲವು ಗಿಡಗಳ ಮೈಟೊಕಾಂಡ್ರಿಯದಲ್ಲಿ ಹುಟ್ಟಿಕೊಂಡ ಹೊಸ ಜೀನ್ ಪರಾಗವನ್ನು ಮಾತ್ರ ಕೆಡಿಸುತ್ತದೆ, ಬೀಜ ಕಟ್ಟುವ ಶಕ್ತಿ ಹಾಗೆಯೇ ಇರುತ್ತದೆ. ಫ್ರಾನ್ಸಿನ ಪಾಟ್ರಿಸ್ ಲೆಕ್ಲೆರ್ಕ್ 1969ರಲ್ಲಿ ಸೂರ್ಯಕಾಂತಿಯಲ್ಲಿ ಇಂಥ ಗಂಡು ಬಂಜೆತನವನ್ನು ವರದಿ ಮಾಡಿದರು. ಅದು ಕಾಡು ಸೂರ್ಯಕಾಂತಿಯೊಂದರ ಜೊತೆಗಿನ ಸಂಕರದಿಂದ ಬಂದಿತ್ತು. ಪರಾಗವಿಲ್ಲದ ತಾಯಿಗಿಡಕ್ಕೆ ಫಲವಂತಿಕೆ ಮರಳಿಸುವ ಕೋಶಕೇಂದ್ರದ ಜೀನ್ ಹೊಂದಿದ ತಂದೆಗಿಡದ ಪರಾಗ ಸಿಕ್ಕಿದರೆ, ರೈತನ ಹೊಲದಲ್ಲಿ ಬೆಳೆಯುವ ಮಿಶ್ರತಳಿ ಪೂರ್ಣ ಫಲ ಕೊಡುತ್ತದೆ. ಭಾರತದ ಮೊದಲ ಸೂರ್ಯಕಾಂತಿ ಮಿಶ್ರತಳಿ ಬಿಎಸ್‌ಎಚ್-1 ಈ ವಿಧಾನದಿಂದಲೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 1980ರಲ್ಲಿ ಬಿಡುಗಡೆಯಾಯಿತು. ಮೈಟೊಕಾಂಡ್ರಿಯ ತಂದ ಹಾನಿಯನ್ನು ಕೋಶಕೇಂದ್ರದ ಜೀನ್ ಸರಿಪಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ. ಒಂದೇ ಮೈಟೊಕಾಂಡ್ರಿಯ ದೋಷ ಎಲ್ಲ ಗಂಡಸರಲ್ಲೂ ಒಂದೇ ರೀತಿ ಕಾಡದಿರಲು ಇಂಥ ಹೊಂದಾಣಿಕೆಯೂ ಕಾರಣವಿರಬಹುದು.

ರೋಗಿಗಳಲ್ಲಿ ಕಂಡದ್ದು

ಮೈಟೊಕಾಂಡ್ರಿಯ ರೋಗವಿರುವ ಗಂಡಸಿನ ವೀರ್ಯಾಣುಗಳು ಸರಿಯಾಗಿ ಚಲಿಸದಿರುವುದನ್ನು ನಾರ್ವೆಯ ವೈದ್ಯರು 1993ರಲ್ಲಿ ವರದಿ ಮಾಡಿದರು. ಆ ಬಳಿಕ ಹೆಚ್ಚು ಗಮನ ಸೆಳೆದದ್ದು ಮೈಟೊಕಾಂಡ್ರಿಯ ಡಿಎನ್‌ಎಯ 3243ನೇ ಸ್ಥಾನದಲ್ಲಿ ‘ಎ’ ಅಕ್ಷರ ‘ಜಿ’ ಆಗುವ ರೂಪಾಂತರ. ಮೆಲಾಸ್ ಎಂಬ ತೀವ್ರ ರೋಗಕ್ಕೂ, ಕಿವುಡುತನದ ಜೊತೆಗೆ ತಾಯಿಯ ಕಡೆಯಿಂದ ಬರುವ ಮಧುಮೇಹಕ್ಕೂ ಇದೇ ಸಾಮಾನ್ಯ ಕಾರಣ. ಇದನ್ನು ಹೊತ್ತ ಗಂಡಸರಿಗೆ ಮಕ್ಕಳು ಕಡಿಮೆ ಎಂದು ಬ್ರಿಟನ್ನಿನ ರೋಗಿಗಳ ಮೇಲಿನ 2017ರ ಅಧ್ಯಯನ ಸೂಚಿಸಿತು. ಮಕ್ಕಳಾಗದಿರುವುದಕ್ಕೆ ವೀರ್ಯಾಣುವಿನ ದೋಷವೊಂದೇ ಕಾರಣವಾಗಬೇಕಿಲ್ಲ. ಸದಾ ಕಾಡುವ ಆಯಾಸ, ಮಧುಮೇಹದಿಂದ ಬರುವ ಲೈಂಗಿಕ ದೌರ್ಬಲ್ಯ, ಮದುವೆಯೇ ಆಗದಿರುವುದು, ಕಾಯಿಲೆ ಮಗುವಿಗೂ ಬಂದೀತೆಂಬ ಅಂಜಿಕೆ ಎಲ್ಲವೂ ಆ ಲೆಕ್ಕದಲ್ಲಿ ಸೇರುತ್ತವೆ.

ಕೋಶಕೇಂದ್ರದ ಜೀನ್‌ಗಳಲ್ಲಿ ಮುಖ್ಯವಾದದ್ದು ಪಿಒಎಲ್‌ಜಿ. ಮೈಟೊಕಾಂಡ್ರಿಯ ಡಿಎನ್‌ಎಯನ್ನು ನಕಲು ಮಾಡುವ ಕಿಣ್ವದ ಸೂಚನೆ ಇದರಲ್ಲಿದೆ. ಇದು ಕೆಟ್ಟರೆ ನಕಲಿನಲ್ಲಿ ತಪ್ಪುಗಳೂ ತುಂಡುಗಳೂ ಹೆಚ್ಚುತ್ತವೆ. ರೆಪ್ಪೆ ಜೋಲುವುದು, ಕಣ್ಣುಗುಡ್ಡೆ ಹೊರಳದಿರುವುದು, ನರಗಳ ತೊಂದರೆ, ಪಾರ್ಕಿನ್‌ಸನ್ ಲಕ್ಷಣಗಳ ಜೊತೆಗೆ ಕೆಲವು ಗಂಡಸರಲ್ಲಿ ವೃಷಣ ಸೊರಗುವುದೂ ಹೆಂಗಸರಲ್ಲಿ ಬೇಗ ಮುಟ್ಟು ನಿಲ್ಲುವುದೂ ದಾಖಲಾಗಿವೆ. ಪಿಒಎಲ್‌ಜಿ ದೋಷವಿರುವವರಿಗೆ ಮೂರ್ಛೆಗೆಂದು ವಾಲ್‌ಪ್ರೊಯೇಟ್ ಕೊಟ್ಟರೆ ಯಕೃತ್ತು ಕೈಕೊಟ್ಟು ಪ್ರಾಣಾಪಾಯವಾಗಬಹುದು. ಹಾಗಾಗಿ ನಿಖರ ರೋಗಪತ್ತೆಯ ಬೆಲೆ ಸಂತಾನದ ಪ್ರಶ್ನೆಯನ್ನು ಮೀರಿದ್ದು.

ಇಲಿಗಳ ಮೇಲಿನ ಪ್ರಯೋಗಗಳು ಕಾರ್ಯಕಾರಣವನ್ನು ಹೆಚ್ಚು ಬಿಗಿಯಾಗಿ ಹಿಡಿದಿವೆ. ತುಂಡು ಕಾಣೆಯಾದ ಮೈಟೊಕಾಂಡ್ರಿಯ ಡಿಎನ್‌ಎ ಹೆಚ್ಚಿದ್ದ ಗಂಡು ಇಲಿಗಳಲ್ಲಿ ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ಇಳಿದದ್ದನ್ನು ಜಪಾನಿನ ತಂಡ 2006ರಲ್ಲಿ ಪ್ರಕಟಿಸಿತು. ಪಿಒಎಲ್‌ಜಿ ಕೆಡಿಸಿದ ಇಲಿಗಳು ಬೇಗ ಮುದಿಯಾಗಿ ಫಲವಂತಿಕೆ ಕಳೆದುಕೊಳ್ಳುತ್ತವೆ. ಅಂಥ ಇಲಿಗಳಲ್ಲಿ ಮೈಟೊಕಾಂಡ್ರಿಯ ಡಿಎನ್‌ಎಯ ಒಟ್ಟು ಪ್ರತಿಗಳನ್ನು ಹೆಚ್ಚಿಸಿದಾಗ, ತಪ್ಪುಗಳ ಪ್ರಮಾಣ ಇದ್ದಷ್ಟೇ ಇದ್ದರೂ, ಗಂಡು ಬಂಜೆತನ ನೀಗಿತೆಂದು ನಿಲ್ಸ್-ಯೋರನ್ ಲಾರ್ಸನ್ ಅವರ ತಂಡ 2017ರಲ್ಲಿ ತೋರಿಸಿತು. ಸರಿಯಿರುವ ಪ್ರತಿಗಳು ಸಾಕಷ್ಟಿದ್ದರೆ ವೃಷಣ ಚೇತರಿಸಿಕೊಳ್ಳಬಲ್ಲದು ಎಂಬ ಭರವಸೆಯನ್ನು ಈ ಫಲಿತಾಂಶ ಹುಟ್ಟಿಸಿದೆ.

ಬೇರೆ ರೋಗವಿಲ್ಲದ ಪುರುಷರಲ್ಲಿ

ಮೈಟೊಕಾಂಡ್ರಿಯ ರೋಗದ ಇತರ ಲಕ್ಷಣಗಳಿಲ್ಲದ, ಮಕ್ಕಳಾಗದ ಗಂಡಸರಲ್ಲೂ ಹುಡುಕಾಟ ನಡೆದಿದೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಕೆ. ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಸಂಗಡಿಗರು ವೀರ್ಯಾಣುಗಳ ಚಲನೆ ಕುಂದಿದ್ದ ಪುರುಷನೊಬ್ಬನ ಮೈಟೊಕಾಂಡ್ರಿಯದ ಸಿಒ2 ಜೀನಿನಲ್ಲಿ ಎರಡು ಅಕ್ಷರಗಳು ಕಾಣೆಯಾಗಿದ್ದುದನ್ನು 2003ರಲ್ಲಿ ವರದಿ ಮಾಡಿದರು. ಚಲನೆ ಕುಂದಿದ ವೀರ್ಯಾಣುಗಳಲ್ಲಿ 4,977 ಅಕ್ಷರಜೋಡಿಗಳ ತುಂಡು ಕಾಣೆಯಾಗಿರುವುದು ಹೆಚ್ಚೆಂದು ತೈವಾನಿನ ಸಂಶೋಧಕರು ಗುರುತಿಸಿದರು. ಕಳಪೆ ವೀರ್ಯಾಣುಗಳಲ್ಲಿ ಮೈಟೊಕಾಂಡ್ರಿಯ ಡಿಎನ್‌ಎಯ ಪ್ರತಿಗಳು ಕಡಿಮೆಯಲ್ಲ, ಹೆಚ್ಚೇ ಇರುತ್ತವೆಂಬುದು ಇನ್ನೊಂದು ಅನಿರೀಕ್ಷಿತ ಶೋಧ. ಬಲಿಯುವಾಗ ಕಳಚಿಹೋಗಬೇಕಾದದ್ದು ಸರಿಯಾಗಿ ಕಳಚಿಲ್ಲವೆಂಬುದರ ಗುರುತು ಇದಾಗಿರಬಹುದು.

ಎಲ್ಲ ಶೋಧಗಳೂ ಗಟ್ಟಿಯಾಗಿ ನಿಂತಿಲ್ಲ. ಪಿಒಎಲ್‌ಜಿ ಜೀನಿನಲ್ಲಿ ಮರುಕಳಿಸುವ ಸಿಎಜಿ ಅಕ್ಷರಗಳ ಸಂಖ್ಯೆಗೂ ಬಂಜೆತನಕ್ಕೂ ನಂಟಿದೆಯೆಂದು 2001ರಲ್ಲಿ ಬಂದ ವರದಿಯನ್ನು ನಂತರದ ಹಲವು ಅಧ್ಯಯನಗಳು ಎತ್ತಿಹಿಡಿಯಲಿಲ್ಲ. ‘ಟಿ’ ಎಂಬ ಯೂರೋಪಿನ ಮಾತೃವಂಶದವರಲ್ಲಿ ವೀರ್ಯಾಣುಗಳ ಚಲನೆ ಕಡಿಮೆಯೆಂದು 2000ದಲ್ಲಿ ಸ್ಪೇನಿನಿಂದ ಬಂದ ತೀರ್ಮಾನದ ವಿಷಯದಲ್ಲೂ ಭಿನ್ನಾಭಿಪ್ರಾಯವಿದೆ. ಆದ್ದರಿಂದ ಮಕ್ಕಳಾಗದ ಪ್ರತಿಯೊಬ್ಬ ಗಂಡಸಿಗೂ ಮೈಟೊಕಾಂಡ್ರಿಯ ಡಿಎನ್‌ಎ ಪರೀಕ್ಷೆ ಬೇಕಿಲ್ಲ.

ತಪಾಸಣೆ ಮತ್ತು ಚಿಕಿತ್ಸೆ

ಮೊದಲ ಹೆಜ್ಜೆ ಸರಳವಾದ ವೀರ್ಯಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳು, ಒಟ್ಟು ಚಲನೆ ಶೇ 42, ಮುಂದಕ್ಕೆ ಸಾಗುವ ಚಲನೆ ಶೇ 30 ಕೆಳಗಿನ ಉಲ್ಲೇಖ ಮಟ್ಟಗಳು. ಇವಕ್ಕಿಂತ ಕಡಿಮೆಯಿದ್ದ ಮಾತ್ರಕ್ಕೆ ಮಗುವಾಗದೆಂದು ಅರ್ಥವಲ್ಲ. ವೀರ್ಯಾಣುಗಳ ಚಲನೆ ಕುಂದಿರುವವನಿಗೆ ಕಿವುಡುತನ, ಚಿಕ್ಕ ವಯಸ್ಸಿನ ಮಧುಮೇಹ, ರೆಪ್ಪೆ ಜೋಲುವುದು ಅಥವಾ ಸ್ನಾಯು ದೌರ್ಬಲ್ಯವೂ ಇದ್ದರೆ, ಇಲ್ಲವೇ ತಾಯಿಯ ಕಡೆಯ ನೆಂಟರಲ್ಲಿ ಇವು ಕಂಡುಬಂದಿದ್ದರೆ ವೈದ್ಯರು ಮೈಟೊಕಾಂಡ್ರಿಯದತ್ತ ನೋಡಬೇಕು. ಮೈಟೊಕಾಂಡ್ರಿಯ ರೋಗಿಯನ್ನು ನೋಡುವ ನರರೋಗ ತಜ್ಞರೂ ಸಂತಾನದ ಬಯಕೆಯ ಬಗ್ಗೆ ತಾವಾಗಿಯೇ ಕೇಳಬೇಕು. ಸ್ನಾಯು ಬಯಾಪ್ಸಿ ಮತ್ತು ಜೀನ್ ಪರೀಕ್ಷೆಗಳಿಂದ ರೋಗವನ್ನು ಗುರುತಿಸುವ ವ್ಯವಸ್ಥೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಮೂಲದೋಷವನ್ನು ಸರಿಪಡಿಸುವ ಔಷಧ ಸದ್ಯಕ್ಕಿಲ್ಲ. ಕೋಎಂಜೈಮ್ ಕ್ಯೂ10ರಿಂದ ವೀರ್ಯಾಣುಗಳ ಚಲನೆ ತುಸು ಸುಧಾರಿಸಿತೆಂದು ಸಣ್ಣ ಪ್ರಯೋಗಗಳು ಹೇಳಿವೆ. ಆದರೆ ಉತ್ಕರ್ಷಣ ನಿರೋಧಕ ಮಾತ್ರೆಗಳನ್ನು ಮಕ್ಕಳಾಗದ ಗಂಡಸರ ಮೇಲೆ ಪರೀಕ್ಷಿಸಿದ ಅಮೆರಿಕದ ‘ಮಾಕ್ಸಿ’ ಪ್ರಯೋಗದಲ್ಲಿ ಲಾಭ ಕಾಣಲಿಲ್ಲವೆಂದು 2020ರಲ್ಲಿ ಪ್ರಕಟವಾಯಿತು. ದುಬಾರಿ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುತ್ತಿರುವ ಕುಟುಂಬಗಳಿಗೆ ಈ ಮಾತು ತಲುಪಬೇಕು. ಟೆಸ್ಟೋಸ್ಟೆರಾನ್ ಕಡಿಮೆಯಿದೆಯೆಂದು ಅದನ್ನೇ ಚುಚ್ಚಿಸಿಕೊಂಡರೆ ವೀರ್ಯಾಣು ಉತ್ಪಾದನೆ ಇನ್ನಷ್ಟು ಕುಸಿಯುತ್ತದೆ. ಮಗು ಬೇಕೆನ್ನುವವರು ತಜ್ಞರನ್ನು ಕೇಳದೆ ಅದನ್ನು ಆರಂಭಿಸಬಾರದು. ಹೆಚ್ಚು ಫಲ ಕೊಟ್ಟಿರುವುದು ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಕ್ಕೆ ನೇರವಾಗಿ ಚುಚ್ಚುವ ಐಸಿಎಸ್‌ಐ ವಿಧಾನ. ಬ್ರಸೆಲ್ಸ್‌ನಲ್ಲಿ ರೂಪುಗೊಂಡ ಇದರ ಮೊದಲ ಯಶಸ್ಸು 1992ರಲ್ಲಿ ಪ್ರಕಟವಾಯಿತು. ಇಲ್ಲಿ ವೀರ್ಯಾಣು ಈಜಬೇಕಾಗಿಯೇ ಇಲ್ಲ.

ಮಗುವಿಗೆ ಏನು ಹೋಗುತ್ತದೆ

ಇಲ್ಲಿ ಎಲ್ಲವೂ ದೋಷ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಅದು ಮೈಟೊಕಾಂಡ್ರಿಯ ಡಿಎನ್‌ಎಯಲ್ಲಿದ್ದರೆ ಗಂಡಸಿನಿಂದ ಮಗುವಿಗೆ ಹೋಗುವ ಭಯ ಪಡಬೇಕಿಲ್ಲ, ಅವನಲ್ಲಿಗೇ ಅದು ಮುಗಿಯುತ್ತದೆ. ಅವನ ಅಕ್ಕತಂಗಿಯರಿಗೆ ಮಾತ್ರ ಸಲಹೆ ಬೇಕಾಗುತ್ತದೆ. ತಾಯಿಯ ಕೆಟ್ಟ ಮೈಟೊಕಾಂಡ್ರಿಯದ ಬದಲು ದಾನಿಯ ಅಂಡಾಣುವಿನದನ್ನು ಬಳಸುವ ಮೈಟೊಕಾಂಡ್ರಿಯ ಬದಲಿ ಚಿಕಿತ್ಸೆಯನ್ನು ಆರಂಭದಲ್ಲಿ ಗಂಡುಭ್ರೂಣಗಳಿಗೆ ಮಾತ್ರ ಸೀಮಿತಗೊಳಿಸಬೇಕೆಂದು ಅಮೆರಿಕದ ತಜ್ಞಸಮಿತಿ 2016ರಲ್ಲಿ ಹೇಳಿದ್ದಕ್ಕೂ ಇದೇ ಕಾರಣ.

ದೋಷ ಕೋಶಕೇಂದ್ರದ ಜೀನಿನಲ್ಲಿದ್ದರೆ ಮಾತು ಬೇರೆ. ಒಂದೇ ಪ್ರತಿ ಕೆಟ್ಟರೂ ರೋಗ ತರುವ ಬಗೆಯಾದರೆ ಪ್ರತಿ ಮಗುವಿಗೂ ಶೇ 50ರ ಸಂಭವವಿದೆ. ಎರಡೂ ಪ್ರತಿಗಳು ಕೆಡಬೇಕಾದ ಬಗೆಯಾದರೆ ಹೆಂಡತಿಯೂ ಅದೇ ಜೀನಿನ ದೋಷ ಹೊತ್ತಿದ್ದಾಗ ಮಾತ್ರ ಮಗುವಿಗೆ ರೋಗ ಬರಬಹುದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ಕರ್ನಾಟಕದ ಕುಟುಂಬಗಳಲ್ಲಿ ಈ ಸಂಭವ ಹೆಚ್ಚು. ತಿಳಿದಿರುವ ಆನುವಂಶಿಕ ರೋಗಕ್ಕಾಗಿ ಭ್ರೂಣವನ್ನು ಗರ್ಭದಲ್ಲಿ ನೆಡುವ ಮುನ್ನ ಪರೀಕ್ಷಿಸಲು ಭಾರತದ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಅವಕಾಶ ಕೊಟ್ಟಿದೆ.

ಮಕ್ಕಳಾಗದಿದ್ದರೆ ನಮ್ಮಲ್ಲಿ ಮೊದಲು ಆಸ್ಪತ್ರೆಯ ಮೆಟ್ಟಿಲೇರುವವಳೂ ಮಾತು ಕೇಳುವವಳೂ ಹೆಂಡತಿ. ಕಾಯಿಲೆ ತಾಯಿಯ ಕಡೆಯದೆಂದು ತಿಳಿದರೆ ದೂರು ಅವನ ತಾಯಿಯ ಮೇಲೆ ಬೀಳುತ್ತದೆ. ಎರಡಕ್ಕೂ ವಿಜ್ಞಾನದಲ್ಲಿ ಆಧಾರವಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ತಪಾಸಣೆ ಮಾಡಿಸಿ, ದೋಷ ಯಾವ ಡಿಎನ್‌ಎಯಲ್ಲಿದೆಯೆಂದು ತಿಳಿದು, ಮಗುವಿಗೆ ಹೋಗುವುದೇನು, ಹೋಗದಿರುವುದೇನು ಎಂಬುದನ್ನು ಅವರ ಭಾಷೆಯಲ್ಲಿ ಬಿಡಿಸಿ ಹೇಳುವುದು ಇಂದೇ ಸಾಧ್ಯವಿರುವ ಚಿಕಿತ್ಸೆ. ಅದಕ್ಕೆ ಹೊಸ ಔಷಧ ಬರುವವರೆಗೆ ಕಾಯಬೇಕಾಗಿಲ್ಲ.